ಅಂಟಕ್ಕಿ, ಕೋಳಿಮೊಟ್ಟೆ ಮತ್ತು ಕುಪ್ಪಳಿಸುವ ಹೆಣ

1985ರ ಹಾಂಗ್‌ಕಾಂಗ್ ಚಿತ್ರ 'ಮಿಸ್ಟರ್ ವ್ಯಾಂಪೈರ್'ನಲ್ಲಿ ಒಬ್ಬ ಮನುಷ್ಯನ ಜೀವಕ್ಕೆ ಕುತ್ತು ಬರುವುದು ಅಕ್ಕಿಯ ಕಲಬೆರಕೆಯಿಂದ. ಶವಪೆಟ್ಟಿಗೆಯಿಂದ ಎದ್ದು ಬಂದ ಹೆಣದ ಉಗುರು ಶಿಷ್ಯನೊಬ್ಬನಿಗೆ ನಾಟಿದೆ. ಅವನ ಮೈ ನಿಧಾನವಾಗಿ ಸೆಟೆದುಕೊಳ್ಳುತ್ತಿದೆ. ವಿಷ ಇಳಿಯಬೇಕಾದರೆ ಅಂಟಕ್ಕಿ ಬೇಕು, ಅಂಟಕ್ಕಿಯೇ ಬೇಕು. ಇನ್ನೊಬ್ಬ ಶಿಷ್ಯ ಪೇಟೆಗೆ ಹೋಗಿ ಕೊಂಡು ತರುತ್ತಾನೆ. ಅಂಗಡಿಯವನು ಲಾಭದಾಸೆಗೆ ಅದರಲ್ಲಿ ಸಾಧಾರಣ ಅಕ್ಕಿ ಬೆರೆಸಿ ಅಳೆದು ಕೊಟ್ಟಿದ್ದಾನೆ. ಇತ್ತ ಮನೆಯಲ್ಲಿ ಗಾಯಗೊಂಡವನು ನೆಲದ ಮೇಲೆ ಹರಡಿದ ಅಕ್ಕಿಯನ್ನು ತುಳಿದು ತುಳಿದು ಕುಣಿಯುತ್ತಿದ್ದಾನೆ, ಏಕೆಂದರೆ ನಿಂತರೆ ಮೈ ಮರಗಟ್ಟುತ್ತದೆ. ಕುಣಿದಷ್ಟೂ ನಮಗೆ ನಗು ಬರುತ್ತದೆ. ಆದರೆ ಆ ಅಕ್ಕಿಯಲ್ಲಿ ಮೋಸವಿರುವುದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ.

ಇದಕ್ಕೂ ಐದು ವರ್ಷ ಮೊದಲು, 1980ರಲ್ಲಿ, ಸ್ಯಾಮೋ ಹಂಗ್ ನಿರ್ದೇಶಿಸಿ ನಾಯಕನಾಗಿ ನಟಿಸಿದ 'ಎನ್‌ಕೌಂಟರ್ಸ್ ಆಫ್ ದ ಸ್ಪೂಕಿ ಕೈಂಡ್' ಬಂದಿತ್ತು. ಅಲ್ಲಿಯೂ ಅಂಗಡಿಯವನದೇ ಕೈವಾಡ. ಊರಿಗೆಲ್ಲ ಧೈರ್ಯವಂತನೆಂದು ಹೆಸರಾದ ಚಿಯುಂಗ್ ಪಂದ್ಯ ಕಟ್ಟಿ, ಹೆಣವಿಟ್ಟ ಗುಡಿಯಲ್ಲಿ ರಾತ್ರಿ ಕಳೆಯಬೇಕಾಗಿದೆ. ಹಿತೈಷಿಯೊಬ್ಬ ಅವನಿಗೆ ಉಪಾಯ ಹೇಳಿಕೊಟ್ಟಿದ್ದಾನೆ: ಐವತ್ತು ಕೋಳಿಮೊಟ್ಟೆ ಜೊತೆಗಿರಲಿ, ಹೆಣ ಎದ್ದಾಗೆಲ್ಲ ಪೆಟ್ಟಿಗೆಯೊಳಕ್ಕೆ ಒಂದೊಂದು ಎಸೆ. ಮೊಟ್ಟೆ ಮಾರುವವನು ನಡುನಡುವೆ ಬಾತುಕೋಳಿ ಮೊಟ್ಟೆ ಸೇರಿಸಿದ್ದಾನೆ. ಕೋಳಿಮೊಟ್ಟೆ ಬಿದ್ದಾಗ ತೆಪ್ಪಗೆ ಮಲಗುತ್ತಿದ್ದ ಹೆಣ, ಬಾತುಕೋಳಿ ಮೊಟ್ಟೆ ಬಿದ್ದ ಕ್ಷಣ ಎದ್ದು ನಿಲ್ಲುತ್ತದೆ.

ಈ ಎರಡು ದೃಶ್ಯಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ನನಗೆ ಈ ಚಿತ್ರಗಳ ಮೇಲಿನ ಪ್ರೀತಿಯ ಕಾರಣ ತಿಳಿಯುತ್ತದೆ. ಕುಂಗ್‌ಫು, ಭಯ, ಹಾಸ್ಯ ಮೂರನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸುವ ಈ ಹಾಂಗ್‌ಕಾಂಗ್ ಪ್ರಕಾರದಲ್ಲಿ ಭೂತವನ್ನು ಎದುರಿಸುವ ಆಯುಧಗಳು ಅಡುಗೆಮನೆಯಿಂದ, ಬಡಗಿಯ ಚೀಲದಿಂದ, ದೇವರ ಕೋಣೆಯಿಂದ ಬರುತ್ತವೆ. ಕೇಡಿನ ಮೂಲವೂ ಪೇಟೆಯ ವ್ಯವಹಾರದಲ್ಲೇ ಇರುತ್ತದೆ. 'ಮಿಸ್ಟರ್ ವ್ಯಾಂಪೈರ್'ನ ಹೆಣ ಎದ್ದು ಬರಲು ನಿಜವಾದ ಕಾರಣ ಏನು? ಶ್ರೀಮಂತ ಯಾಮ್ ಮನೆತನದವರು ಸ್ಮಶಾನದ ಒಳ್ಳೆಯ ಜಾಗವನ್ನು ಜ್ಯೋತಿಷಿಯೊಬ್ಬನಿಂದ ಬಲವಂತವಾಗಿ ಕಿತ್ತುಕೊಂಡಿದ್ದರು. ಅವನು ಸೇಡಿಗಾಗಿ ತಪ್ಪು ರೀತಿಯಲ್ಲಿ ಹೂಳುವ ಸಲಹೆ ಕೊಟ್ಟು, ಇಪ್ಪತ್ತು ವರ್ಷಗಳ ನಂತರ ತೆಗೆದು ಬೇರೆಡೆ ಹೂಳಿ ಎಂದಿದ್ದ. ಭೂಮಿಯ ವ್ಯಾಜ್ಯ, ಕಲಬೆರಕೆ, ಮಾಲೀಕನ ದರ್ಪ, ಸೇಡು. ಹೆಣ ಇವುಗಳ ಹಿಂದೆ ಬರುತ್ತದೆ. ಅದಕ್ಕೇ ಈ ಚಿತ್ರಗಳನ್ನು ಮನೆಯಲ್ಲಿ, ಮನೆಮಂದಿಯ ನಡುವೆ ನೋಡುವುದೇ ಸರಿಯಾದ ಕ್ರಮ ಎಂದು ನಾನು ನಂಬಿದ್ದೇನೆ. ಕತ್ತಲ ಚಿತ್ರಮಂದಿರದಲ್ಲಿ ಒಬ್ಬೊಬ್ಬರೇ ಹೆದರುವುದಕ್ಕಿಂತ, ಅಕ್ಕಿ ಡಬ್ಬಿ ಹತ್ತು ಹೆಜ್ಜೆ ದೂರದಲ್ಲಿರುವ ಕೋಣೆಯಲ್ಲಿ ಎಲ್ಲರೂ ಸೇರಿ ಹೆದರುವುದು ಇವುಗಳಿಗೆ ಹೊಂದುತ್ತದೆ.

ಹೆಣದ ಬಗ್ಗೆ ಸ್ವಲ್ಪ ಹೇಳಬೇಕು. ಚೀನಿಯರು ಇದನ್ನು ಜಿಯಾಂಗ್‌ಶಿ ಎನ್ನುತ್ತಾರೆ. ಸತ್ತ ಮೇಲೆ ಮೈ ಸೆಟೆದಿರುವುದರಿಂದ ಇದಕ್ಕೆ ನಡೆಯಲು ಬರುವುದಿಲ್ಲ. ಎರಡೂ ತೋಳುಗಳನ್ನು ಮುಂದಕ್ಕೆ ಚಾಚಿ, ಎರಡೂ ಕಾಲು ಜೋಡಿಸಿ ಕುಪ್ಪಳಿಸುತ್ತದೆ. ಮೈಮೇಲೆ ಚಿಂಗ್ ರಾಜವಂಶದ ಅಧಿಕಾರಿಯ ನಿಲುವಂಗಿ, ತಲೆಗೆ ಅದೇ ಕಾಲದ ಟೋಪಿ. ಕಣ್ಣಿಗಿಂತ ಉಸಿರೇ ಇದಕ್ಕೆ ದಾರಿ ತೋರಿಸುತ್ತದೆ, ಹಾಗಾಗಿ ಉಸಿರು ಹಿಡಿದು ನಿಂತವನನ್ನು ಇದು ಕಂಡುಹಿಡಿಯಲಾರದು. ಹಣೆಯ ಮೇಲೆ ಮಂತ್ರ ಬರೆದ ಹಳದಿ ಚೀಟಿ ಅಂಟಿಸಿದರೆ ನಿಂತಲ್ಲೇ ನಿಲ್ಲುತ್ತದೆ. ಚೀಟಿ ಗಾಳಿಗೆ ಹಾರಿದರೆ ಮತ್ತೆ ಹೊರಡುತ್ತದೆ. ಈ ನಂಬಿಕೆ ಸಿನಿಮಾದವರ ಸೃಷ್ಟಿಯಲ್ಲ. ಹದಿನೆಂಟನೆಯ ಶತಮಾನದ ಯುವಾನ್ ಮೇಯ್, ಜಿ ಯುನ್‌ರಂತಹ ಪಂಡಿತರೇ ಇಂತಹ ಕಥೆಗಳನ್ನು ಬರೆದಿಟ್ಟಿದ್ದಾರೆ. ಹುನಾನ್ ಪ್ರಾಂತ್ಯದ ಪಶ್ಚಿಮ ಭಾಗದ ಐತಿಹ್ಯವೊಂದು ಇನ್ನೂ ಸೊಗಸಾಗಿದೆ. ದುಡಿಯಲು ದೂರ ಹೋಗಿ ಅಲ್ಲೇ ಸತ್ತ ಬಡವರನ್ನು ತಾವೋ ಪಂಥದ ಮಂತ್ರವಾದಿಯೊಬ್ಬ ಸಾಲಾಗಿ ಕುಪ್ಪಳಿಸುವಂತೆ ಮಾಡಿ ರಾತ್ರಿ ಹೊತ್ತು ಊರಿಗೆ ಕರೆತರುತ್ತಿದ್ದನಂತೆ. ಮುಂದೆ ಗಂಟೆ ಬಾರಿಸುತ್ತ ಅವನು, ಹಿಂದೆ ಹೆಣಗಳ ಸಾಲು. ಹುಟ್ಟಿದ ಮಣ್ಣಿನಲ್ಲೇ ಹೂಳಿಸಿಕೊಳ್ಳಬೇಕೆಂಬ ಹಂಬಲವೇ ಈ ಕಥೆಯ ಬೇರು. ಇದನ್ನು ತಿಳಿದ ಮೇಲೆ ಕುಪ್ಪಳಿಸುವ ಹೆಣವನ್ನು ಕಂಡಾಗ ನನಗೆ ನಗುವಿನ ಜೊತೆಗೆ ಮರುಕವೂ ಹುಟ್ಟುತ್ತದೆ.

ಬರಹ ಭೂತವನ್ನು ತಡೆಯುತ್ತದೆ ಎಂಬುದು ನಮಗೂ ಹೊಸದಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಮತ್ತು ಸುತ್ತಲಿನ ಊರುಗಳ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದದ್ದನ್ನು ನೋಡಿದವರು ಈಗಲೂ ಇದ್ದಾರೆ. ರಾತ್ರಿ ಬಂದು ಕದ ತಟ್ಟುವ ದೆವ್ವ ಅದನ್ನು ಓದಿ ಹಿಂತಿರುಗಿ, ಮರುದಿನ ಬಂದು ಮತ್ತೆ ಅದನ್ನೇ ಓದಬೇಕು! ಅಕ್ಷರ ಬಲ್ಲ, ವಿಧೇಯವಾದ ದೆವ್ವ. ಹಣೆಗೆ ಚೀಟಿ ಅಂಟಿಸಿಕೊಂಡ ಜಿಯಾಂಗ್‌ಶಿಯನ್ನು ನೋಡಿದ ಕೂಡಲೇ ನನ್ನ ಅಮ್ಮನಿಗೆ ನೆನಪಾದದ್ದು ಅದೇ.

ಕಡಿಮೆ ಬಜೆಟ್ಟಿನ ವಿಷಯಕ್ಕೆ ಬರುತ್ತೇನೆ. ಹಾಲಿವುಡ್ಡಿನ ಲೆಕ್ಕದಲ್ಲಿ ಇವೆಲ್ಲವೂ ಚಿಲ್ಲರೆ ಕಾಸಿನ ಚಿತ್ರಗಳೇ. ಹಾಂಗ್‌ಕಾಂಗಿನಲ್ಲಿ ಸ್ಯಾಮೋ ಹಂಗ್ ನಿರ್ಮಿಸಿ ರಿಕಿ ಲಾವ್ ನಿರ್ದೇಶಿಸಿದ 'ಮಿಸ್ಟರ್ ವ್ಯಾಂಪೈರ್' ತೀರಾ ಬಡ ಚಿತ್ರವೇನಲ್ಲ. ಆದರೂ ಅದರಲ್ಲಿ ಕಾಣುವ ಭಯದ ಸಾಮಗ್ರಿಗಳನ್ನು ಲೆಕ್ಕ ಹಾಕಿ: ನೀಲಿ ಬೆಳಕು, ಹೊಗೆ, ಮುಖಕ್ಕೆ ಬಳಿದ ಬಣ್ಣ, ಉದ್ದ ಉಗುರುಗಳು, ಕಣ್ಣಿಗೆ ಕಾಣದಂತೆ ಕಟ್ಟಿದ ತಂತಿ. ಇಷ್ಟೇ. ಉಳಿದದ್ದೆಲ್ಲ ಮನುಷ್ಯರ ಮೈ. ಆ ಮುದಿ ಹೆಣವಾಗಿ ಬಂದವರು ಯುವೆನ್ ವಾ, ಒಂದು ಕಾಲಕ್ಕೆ ಬ್ರೂಸ್ ಲೀ ಬದಲಿಗೆ ಲಾಗ ಹಾಕುತ್ತಿದ್ದ ಸಾಹಸಿಗ. ಮಂಡಿ ಮಡಿಸಿದಂತೆ ತೋರದೆ ನೆಗೆದು, ಸದ್ದಿಲ್ಲದೆ ಇಳಿದು, ಇಳಿದ ಕ್ಷಣವೇ ಕಂಬದಂತೆ ನಿಲ್ಲುವುದನ್ನು ಅವರು ಮಾಡುವಾಗ ಬಲು ಸುಲಭವೆನ್ನಿಸುತ್ತದೆ. ನನ್ನ ಮಗಳು ಹಜಾರದಲ್ಲಿ ಹಾಗೆ ನೆಗೆಯಲು ಯತ್ನಿಸಿದಾಗಲೇ ಅದು ಎಂತಹ ವಿದ್ಯೆಯೆಂದು ಮನೆಯವರಿಗೆಲ್ಲ ತಿಳಿದದ್ದು. ಆಮೇಲೆ ಆ ದೃಶ್ಯವನ್ನು ಹಿಂದಕ್ಕೆ ಓಡಿಸಿ, ನಿಧಾನಗೊಳಿಸಿ ಅವರ ಪಾದಗಳನ್ನಷ್ಟೇ ನೋಡಿದೆವು.

ಈ ವಿದ್ಯೆ ಎಲ್ಲಿಂದ ಬಂತೆಂದರೆ ಪೀಕಿಂಗ್ ಒಪೆರಾ ಎಂಬ ಚೀನೀ ರಂಗಕಲೆಯಿಂದ. ಸ್ಯಾಮೋ ಹಂಗ್, ಯುವೆನ್ ವಾ, ಜಾಕಿ ಚಾನ್, ಯುವೆನ್ ಬಿಯಾವ್ ಎಲ್ಲರೂ ಹಾಂಗ್‌ಕಾಂಗಿನಲ್ಲಿ ಯು ಜಿಮ್-ಯುವೆನ್ ಎಂಬ ಗುರುವಿನ ಶಾಲೆಯಲ್ಲಿ ಬೆಳೆದ ಮಕ್ಕಳು. ಹಾಡು, ಮಾತು, ಲಾಗ, ಕತ್ತಿವರಸೆ, ಮುಖಕ್ಕೆ ಬಣ್ಣ ಹಚ್ಚುವುದು ಎಲ್ಲವನ್ನೂ ಬೆತ್ತದ ಹೊಡೆತದಡಿ ಕಲಿತವರು. 1960ರ ದಶಕದಲ್ಲಿ ಒಪೆರಾಕ್ಕೆ ಜನ ಬರುವುದು ಕಡಿಮೆಯಾಯಿತು. ಹತ್ತು ವರ್ಷ ಕಲಿತ ವಿದ್ಯೆಗೆ ರಂಗವೇ ಇಲ್ಲವಾದಾಗ ಈ ಹುಡುಗರು ಸಿನಿಮಾದ ಸಾಹಸಿಗರಾದರು. ಹೊಡೆತ ತಿಂದು ಬೀಳುವವರಾಗಿ ಬಂದವರು ನಿರ್ದೇಶಕರಾಗಿ ಬೆಳೆದರು. ಒಪೆರಾದಲ್ಲಿ ಭೂತವೂ ವಿದೂಷಕನೂ ಒಂದೇ ರಂಗದ ಮೇಲೆ ಒಂದೇ ತಾಳಕ್ಕೆ ಕುಣಿಯುತ್ತಾರೆ. ಆ ಮಕ್ಕಳಿಗೆ ಹೆದರಿಸುವುದು, ನಗಿಸುವುದು ಬೇರೆ ಬೇರೆ ಕೆಲಸಗಳೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಕರಾವಳಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬಣ್ಣದ ವೇಷ ಅಬ್ಬರಿಸುತ್ತ ರಂಗಕ್ಕೆ ಬರುವ ಇರುಳಿನಲ್ಲೇ ಹಾಸ್ಯಗಾರನೂ ಬಂದು ಹೋಗುತ್ತಾನೆ; ಚೆಂಡೆಯ ಪೆಟ್ಟು ಇಬ್ಬರಿಗೂ ಒಂದೇ. ಅರೆನಿದ್ದೆಯಲ್ಲಿ ಬೆಚ್ಚಿ ಎದ್ದ ಮಗು ಮರುಗಳಿಗೆಯಲ್ಲಿ ನಗುವುದನ್ನು ನಾನು ಯಕ್ಷಗಾನದ ಬಯಲಿನಲ್ಲಿ ಕಂಡಿದ್ದೇನೆ. ಹಾಂಗ್‌ಕಾಂಗಿನ ಈ ಚಿತ್ರಗಳು ನನಗೆ ಮೊದಲ ನೋಟಕ್ಕೇ ಅಪರಿಚಿತ ಅನ್ನಿಸದಿರಲು ಅದೂ ಒಂದು ಕಾರಣವಿರಬೇಕು.

ಸ್ಯಾಮೋ ಹಂಗ್‌ರ ಮೈಕಟ್ಟು ಸ್ಥೂಲ, ಚಲನೆ ಮಾತ್ರ ಬೆಕ್ಕಿನದು. 1980ರ ಚಿತ್ರದಲ್ಲಿ ಒಂದು ಹೋಟೆಲಿನ ದೃಶ್ಯವಿದೆ. ದೂರದಲ್ಲಿ ಕುಳಿತ ದುಷ್ಟ ಮಂತ್ರವಾದಿ ಚಿಯುಂಗ್‌ನ ಒಂದು ಕೈಯನ್ನು ಮಾತ್ರ ವಶ ಮಾಡಿಕೊಂಡಿದ್ದಾನೆ. ಆ ಕೈ ಪಕ್ಕದವರನ್ನು ಬಾರಿಸುತ್ತದೆ, ಒಡೆಯನನ್ನೇ ಎಳೆದಾಡುತ್ತದೆ. ಇನ್ನೊಂದು ಕೈ ಅದನ್ನು ತಡೆಯಲು ಒದ್ದಾಡುತ್ತದೆ. ಇಡೀ ದೃಶ್ಯಕ್ಕೆ ತಗುಲಿದ ವಿಶೇಷ ಖರ್ಚು ಸೊನ್ನೆ. ಒಬ್ಬ ಮನುಷ್ಯ ತನ್ನ ಬಲಗೈ, ಎಡಗೈಗಳನ್ನು ಇಬ್ಬರು ಶತ್ರುಗಳೆಂದು ನಮ್ಮನ್ನು ನಂಬಿಸುತ್ತಾನೆ. ಕಂಪ್ಯೂಟರಿನಿಂದ ಹುಟ್ಟಿದ ಯಾವ ರಾಕ್ಷಸನೂ ನನಗೆ ಈ ಕೈಯಷ್ಟು ಖುಷಿ ಕೊಟ್ಟಿಲ್ಲ. ಅದೇ ಚಿತ್ರದ ಕೊನೆಯಲ್ಲಿ ಇಬ್ಬರು ಮಂತ್ರವಾದಿಗಳು ಎತ್ತರದ ಅಟ್ಟಣೆಗಳ ಮೇಲೆ ಎದುರುಬದುರು ನಿಂತು, ಕೆಳಗಿರುವವರ ಮೈಮೇಲೆ ದೇವತೆಗಳನ್ನು ಬರಿಸಿ ಕಾದಾಡಿಸುತ್ತಾರೆ. ವಾನರ ರಾಜ ಮೈದುಂಬಿದಾಗ ಸ್ಯಾಮೋ ಕಣ್ಣು ಪಿಳುಕಿಸುವ, ಕೆನ್ನೆ ಕೆರೆಯುವ ರೀತಿಯೇ ಬದಲಾಗಿಬಿಡುತ್ತದೆ.

ಆದರೆ ಆ ಚಿತ್ರದ ಕಟ್ಟಕಡೆಯ ಕ್ಷಣವನ್ನು ನಾನು ಮನೆಯಲ್ಲಿ ತೋರಿಸುವುದಿಲ್ಲ. ಮೋಸ ಮಾಡಿದ ಹೆಂಡತಿಯನ್ನು ಚಿಯುಂಗ್ ಒಂದೇ ಸಮನೆ ಗುದ್ದುತ್ತಾನೆ. ಅದನ್ನು ನಗೆಯೆಂಬಂತೆ ತೋರಿಸಿ ಚಿತ್ರ ನಿಲ್ಲುತ್ತದೆ. ಅದು ನಗೆಯಲ್ಲ. ಆ ಕಾಲದ ಹಾಂಗ್‌ಕಾಂಗ್ ಹಾಸ್ಯದಲ್ಲಿ ಹೆಣ್ಣನ್ನು ಕೀಳಾಗಿ ಕಾಣುವ ಗುಣ ಧಾರಾಳವಾಗಿದೆ, ಪ್ರಾಣಿಗಳ ವಿಷಯದಲ್ಲೂ ಕರುಣೆಯಿಲ್ಲ. ಪ್ರೀತಿಸುವ ಚಿತ್ರದಲ್ಲಿ ಇಂತಹದ್ದು ಎದುರಾದಾಗ ಅದನ್ನು ಮಗಳಿಗೆ ನೇರವಾಗಿ ಹೇಳುವುದೇ ಒಳ್ಳೆಯದು. ಹೇಳುತ್ತೇನೆ, ರಿಮೋಟ್ ಒತ್ತುತ್ತೇನೆ.

ಈ ಪ್ರಕಾರದ ಹೃದಯ ಲ್ಯಾಮ್ ಚಿಂಗ್-ಯಿಂಗ್. 'ಮಿಸ್ಟರ್ ವ್ಯಾಂಪೈರ್'ನ ತಾವೋ ಗುರು ಕೌ ಪಾತ್ರದಲ್ಲಿ ಅವರ ಎರಡೂ ಹುಬ್ಬುಗಳು ಮೂಗಿನ ಮೇಲೆ ಕೂಡಿಕೊಂಡಿವೆ, ತುಟಿಯ ಮೇಲೆ ತೆಳುಮೀಸೆ, ಮುಖ ಗಂಟು. ಹಿರಿಯರಾಗಿ ಕಾಣುವ ಆ ನಟನಿಗೆ ಆಗಿನ್ನೂ 32 ವರ್ಷ. ಅವರು ಬೇರೊಂದು ಒಪೆರಾ ಶಾಲೆಯಲ್ಲಿ ಕಲಿತವರು. ಸಣ್ಣ ಮೈಕಟ್ಟಿನ ಕಾರಣ ಸ್ತ್ರೀವೇಷ ಹಾಕುತ್ತಿದ್ದವರು. ಮುಂದೆ ಬ್ರೂಸ್ ಲೀ ಚಿತ್ರಗಳಲ್ಲಿ ಸಾಹಸಿಗರಾಗಿ ದುಡಿದರು. 1981ರ 'ದ ಪ್ರಾಡಿಗಲ್ ಸನ್'ನಲ್ಲಿ ಸ್ತ್ರೀವೇಷಧಾರಿ ಒಪೆರಾ ನಟನಾದ ವಿಂಗ್ ಚುನ್ ಎಂಬ ಕುಂಗ್‌ಫು ಪದ್ಧತಿಯ ಗುರುವಿನ ಪಾತ್ರ ಮಾಡಿ ತಮ್ಮ ಎರಡೂ ವಿದ್ಯೆಗಳನ್ನು ಒಟ್ಟಿಗೆ ತೋರಿಸಿದರು. ಗುರು ಕೌ ಪಾತ್ರದಲ್ಲಿ ಅವರು ಎಂದೂ ನಗುವುದಿಲ್ಲ, ನಗಿಸಲು ಪ್ರಯತ್ನಿಸುವುದೂ ಇಲ್ಲ. ಸುತ್ತಲಿರುವ ಶಿಷ್ಯರು, ಪೊಲೀಸ್ ಅಧಿಕಾರಿ ಮಂಗಾಟ ಆಡುತ್ತಿದ್ದರೆ ಅವರು ಕುಂಚಕ್ಕೆ ಮಸಿ ಅದ್ದಿ ಗಂಭೀರವಾಗಿ ಚೀಟಿ ಬರೆಯುತ್ತಾರೆ. ಆ ಗಾಂಭೀರ್ಯದಿಂದಲೇ ಭೂತ ನಿಜವೆನ್ನಿಸುತ್ತದೆ, ಉಳಿದವರ ಪೆದ್ದುತನ ಇನ್ನಷ್ಟು ನಗು ತರಿಸುತ್ತದೆ.

ಅದೇ ಗುರುವನ್ನು ಶ್ರೀಮಂತ ಯಾಮ್ ಒಮ್ಮೆ ಪಾಶ್ಚಾತ್ಯ ಶೈಲಿಯ ಹೋಟೆಲಿಗೆ ಕರೆಯುತ್ತಾನೆ. ಕಾಲ ಚೀನಾದ ಗಣರಾಜ್ಯದ ಆರಂಭದ ವರ್ಷಗಳು. ಮೇಜಿಗೆ ಕಾಫಿ ಬರುತ್ತದೆ. ಹಾಲು ಬೇರೆ, ಸಕ್ಕರೆ ಬೇರೆ. ಹೇಗೆ ಕುಡಿಯಬೇಕೆಂದು ಗುರುವಿಗೂ ಗೊತ್ತಿಲ್ಲ, ಶಿಷ್ಯನಿಗೂ ಗೊತ್ತಿಲ್ಲ. ಹೆಣಗಳನ್ನು ಬೆರಳಿನ ತುದಿಯಲ್ಲಿ ನಿಲ್ಲಿಸುವ ಮನುಷ್ಯ ಒಂದು ಲೋಟ ಕಾಫಿಯ ಮುಂದೆ ತಬ್ಬಿಬ್ಬಾಗುತ್ತಾನೆ. ಫಿಲ್ಟರ್ ಕಾಫಿಯ ಮನೆಯಲ್ಲಿ ಕುಳಿತು ಈ ದೃಶ್ಯ ನೋಡುವ ಸುಖವನ್ನು ಹೇಗೆ ಬಣ್ಣಿಸಲಿ! ಅದೇ ಗುರು ಮನೆಗೆ ಬಂದು, ಹಚ್ಚಿದ ಮೂರು ಊದುಬತ್ತಿಗಳಲ್ಲಿ ಎರಡು ಗಿಡ್ಡ, ಒಂದು ಉದ್ದ ಉರಿದಿರುವುದನ್ನು ಕಂಡು ಯಾರದೋ ಮನೆಯಲ್ಲಿ ಸಾವಿದೆ ಎಂದು ಅರಿಯುತ್ತಾನೆ. ಆ ದೃಶ್ಯದ ನಂತರ ಅಮ್ಮ ಎದ್ದು ಹೋಗಿ ದೇವರ ಮುಂದಿನ ಊದುಬತ್ತಿಗಳನ್ನು ನೋಡಿಕೊಂಡು ಬಂದರು.

ನನಗೆ ಅತ್ಯಂತ ಇಷ್ಟವಾದ ಆಯುಧ ಬಡಗಿಯದು. ಹಲಗೆಯ ಮೇಲೆ ನೇರ ಗೆರೆ ಹೊಡೆಯಲು ಬಡಗಿಗಳು ಬಳಸುವ ಮಸಿದಾರವನ್ನು ನೀವು ನೋಡಿರಬಹುದು. ದಾರವನ್ನು ಎರಡು ತುದಿಯಲ್ಲಿ ಬಿಗಿಹಿಡಿದು, ನಡುವೆ ಎತ್ತಿ ಬಿಟ್ಟರೆ ಟಪ್ಪನೆ ಗೆರೆ ಬೀಳುತ್ತದೆ. ಗುರು ಮಸಿಗೆ ಕೋಳಿಯ ರಕ್ತ ಬೆರೆಸಿ, ಶವಪೆಟ್ಟಿಗೆಯ ಎಲ್ಲ ಬದಿಗಳಿಗೂ ಗೆರೆ ಹೊಡೆಯಲು ಶಿಷ್ಯರಿಗೆ ಹೇಳುತ್ತಾನೆ. ಅವರು ನಾಲ್ಕು ಬದಿಗೆ, ಮೇಲಿನ ಮುಚ್ಚಳಕ್ಕೆ ಹೊಡೆಯುತ್ತಾರೆ. ಅಡಿಭಾಗವನ್ನು ಮರೆಯುತ್ತಾರೆ. ಕೆಲಸಗಳ್ಳತನದ ಈ ಒಂದು ಗೆರೆಯಿಂದ ಮುಂದಿನ ಇಡೀ ಕಥೆ ಹುಟ್ಟುತ್ತದೆ. ಭಯವನ್ನು ಇಷ್ಟು ಸರಳವಾದ ಅಜಾಗರೂಕತೆಯ ಮೇಲೆ ಕಟ್ಟಿದ ಬರವಣಿಗೆಗೆ ನಾನು ಎಂದಿಗೂ ತಲೆಬಾಗುತ್ತೇನೆ.

ಇನ್ನು ಉಸಿರು ಹಿಡಿಯುವ ದೃಶ್ಯಗಳು. ಹೆಣ ಮುಖದ ಹತ್ತಿರ ಮುಖ ತಂದು ಮೂಸುತ್ತದೆ. ತೆರೆಯ ಮೇಲಿನವರು ಮೂಗು ಹಿಡಿದು ನಿಂತಿದ್ದಾರೆ. ನಮ್ಮ ಹಜಾರದಲ್ಲೂ ಎಲ್ಲರೂ ಉಸಿರು ಹಿಡಿಯುತ್ತಾರೆ. ಇದು ಯಾರೂ ಮಾಡಿದ ನಿಯಮವಲ್ಲ, ತಾನಾಗಿಯೇ ಆಗುತ್ತದೆ. ಅಮ್ಮ ಎಲ್ಲರಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಾರೆ, ಮಗಳು ಎಲ್ಲರಿಗಿಂತ ಮೊದಲು ಬಿಟ್ಟು ಕಿರುಚುತ್ತಾಳೆ. ಅಮ್ಮನಿಗೆ ಕ್ಯಾಂಟನೀಸ್ ಬಾರದು, ಉಪಶೀರ್ಷಿಕೆಯ ಇಂಗ್ಲಿಷ್ ಓದುವ ಆತುರವೂ ಇಲ್ಲ. ಹಳೆಯ ಪ್ರತಿಗಳಲ್ಲಂತೂ ಚೀನೀ, ಇಂಗ್ಲಿಷ್ ಎರಡೂ ಬಿಳಿ ಅಕ್ಷರಗಳಲ್ಲಿ ಚಿತ್ರದ ಮೇಲೆಯೇ ಅಚ್ಚಾಗಿರುತ್ತವೆ. ಬಿಳಿ ಬಟ್ಟೆಯವನು ಅಡ್ಡ ಬಂದರೆ ಯಾರಿಗೂ ಓದಲಾಗುವುದಿಲ್ಲ. ಆಗ ನಾವೆಲ್ಲರೂ ಅಮ್ಮನ ಸ್ಥಿತಿಯಲ್ಲೇ ಇರುತ್ತೇವೆ, ಕಥೆ ಮಾತ್ರ ಎಲ್ಲಿಯೂ ತಪ್ಪುವುದಿಲ್ಲ. ಆ ಕಾಲದ ಹಾಂಗ್‌ಕಾಂಗ್ ಚಿತ್ರಗಳನ್ನು ಧ್ವನಿಯಿಲ್ಲದೆ ಚಿತ್ರೀಕರಿಸಿ ಆಮೇಲೆ ಮಾತು ಸೇರಿಸುತ್ತಿದ್ದರು. ಮೈಯೇ ಎಲ್ಲವನ್ನೂ ಹೇಳಿಬಿಡಬೇಕೆಂಬ ಪಾಠ ಆ ಪದ್ಧತಿಯಲ್ಲೇ ಇತ್ತೇನೋ.

ಗೆಲುವಿನ ಹಿಂದೆ ಅನುಕರಣೆಗಳು ಬಂದವು. 'ಮಿಸ್ಟರ್ ವ್ಯಾಂಪೈರ್' ಹಾಂಗ್‌ಕಾಂಗಿನಲ್ಲಿ ಎರಡು ಕೋಟಿ ಹಾಂಗ್‌ಕಾಂಗ್ ಡಾಲರಿಗೂ ಹೆಚ್ಚು ಗಳಿಸಿತು. ನಂತರದ ಕೆಲವೇ ವರ್ಷಗಳಲ್ಲಿ ಹಾಂಗ್‌ಕಾಂಗ್, ತೈವಾನ್ ಎರಡೂ ಕಡೆ ಕುಪ್ಪಳಿಸುವ ಹೆಣಗಳ ಸಂತೆಯೇ ನೆರೆಯಿತು. ತೈವಾನಿನ 'ಹಲೋ ಡ್ರಾಕುಲಾ' ಚಿತ್ರದ ಮಕ್ಕಳ ಜಿಯಾಂಗ್‌ಶಿಗಳು ಜಪಾನಿನ ಮಕ್ಕಳ ಮನಸ್ಸು ಗೆದ್ದವು. ನಿಜವಾದ ಅಗ್ಗದ ಚಿತ್ರಗಳು ಬೇಕೆಂದರೆ ಗಾಡ್‌ಫ್ರೀ ಹೋ ಅವರ ಕಡೆಗೆ ಹೋಗಬೇಕು. ಎಲ್ಲಿಂದಲೋ ಕೊಂಡ ಹಳೆಯ ಚಿತ್ರದ ತುಣುಕುಗಳಿಗೆ ತಾವು ತೆಗೆದ ತುಣುಕುಗಳನ್ನು ಹೊಲಿದು ಹೊಸ ಚಿತ್ರ ಮಾಡುವುದು ಅವರ ದಾರಿ. 1988ರ 'ರೋಬೋ ವ್ಯಾಂಪೈರ್'ನಲ್ಲಿ ಕಳ್ಳಸಾಗಣೆದಾರರು, ಯಂತ್ರಮಾನವ, ಜಿಯಾಂಗ್‌ಶಿ ಎಲ್ಲರೂ ಇದ್ದಾರೆ. ಯಂತ್ರಮಾನವನ ಕವಚ ಬಟ್ಟೆಯಂತೆ ಮಡಚಿಕೊಳ್ಳುತ್ತದೆ. ಇದನ್ನು ಅಪಹಾಸ್ಯಕ್ಕಾಗಿ ನೋಡುವವರು ಬಹಳ. ನನಗೆ ಹಾಗೆ ನೋಡಲು ಮನಸ್ಸಾಗುವುದಿಲ್ಲ. ಆ ಕವಚದೊಳಗೆ ಬಿಸಿಲಲ್ಲಿ ಬೆವರುತ್ತ ನೆಗೆದವನೂ ದುಡಿಮೆಗಾರನೇ. ಆದರೆ ಒಳ್ಳೆಯ ಚಿತ್ರವೇ ಎಂದು ಕೇಳಿದರೆ, ಅಲ್ಲ. ಅಲ್ಲಿ ಖರ್ಚಿನ ಜೊತೆಗೆ ಯೋಚನೆಯನ್ನೂ ಉಳಿಸಿದ್ದಾರೆ. ಸ್ಯಾಮೋ ತಂಡದವರು ಕಾಸು ಉಳಿಸಿದಲ್ಲೆಲ್ಲ ಮೈ ಸುರಿದರು.

1990ರ ದಶಕದ ಆರಂಭದ ಹೊತ್ತಿಗೆ ಜನರಿಗೆ ಹೆಣಗಳು ಸಾಕಾದವು. ಲ್ಯಾಮ್‌ಗೆ ಮಾತ್ರ ತಾವೋ ಗುರುವಿನ ಆ ಹಳದಿ ನಿಲುವಂಗಿಯಿಂದ ಹೊರಬರಲಾಗಲಿಲ್ಲ. ದಶಕದ ನಡುವೆ ದೂರದರ್ಶನ ಧಾರಾವಾಹಿಯಲ್ಲೂ ಅದೇ ಗುರುವಾಗಿ ಬಂದರು. 1997ರ ನವೆಂಬರ್ 8ರಂದು ಯಕೃತ್ತಿನ ಕ್ಯಾನ್ಸರಿನಿಂದ ತೀರಿಕೊಂಡಾಗ ಅವರಿಗೆ 44. ಅಷ್ಟು ಬಿಗಿಯಾದ ಮೈಯ, ಅಷ್ಟು ನೇರವಾಗಿ ನಿಲ್ಲುತ್ತಿದ್ದ ಮನುಷ್ಯ. ಅವರ ಚಿತ್ರ ನೋಡುವಾಗಲೆಲ್ಲ ಈ ಸಂಖ್ಯೆ ನನ್ನನ್ನು ಚುಚ್ಚುತ್ತದೆ.

2013ರಲ್ಲಿ ಜೂನೋ ಮಾಕ್ 'ರಿಗರ್ ಮಾರ್ಟಿಸ್' ಎಂಬ ಚಿತ್ರ ಮಾಡಿದರು. 'ಮಿಸ್ಟರ್ ವ್ಯಾಂಪೈರ್'ನ ಶಿಷ್ಯ ಚಿನ್ ಸಿಯು-ಹೋ ಅದರಲ್ಲಿ ತಮ್ಮದೇ ಹೆಸರಿನ, ಕೆಲಸವಿಲ್ಲದ ಹಳೆಯ ನಟನಾಗಿ ಬಡಾವಣೆಯೊಂದರ ಪಾಳು ಮನೆಗೆ ಬರುತ್ತಾರೆ. ಆ ಕಟ್ಟಡದಲ್ಲಿ ಇನ್ನೊಬ್ಬನಿದ್ದಾನೆ: ಹೆಣ ಹಿಡಿಯುವ ಕುಲವೃತ್ತಿಗೆ ಕೆಲಸವೇ ಇಲ್ಲವಾಗಿ, ಅಂಟಕ್ಕಿಯ ಅನ್ನ ಬೇಯಿಸಿ ಮಾರುವ ಮಂತ್ರವಾದಿ. ಆ ಪಾತ್ರ ಮಾಡಿದ ಆಂಥನಿ ಚಾನ್ ಕೂಡ ಹಳೆಯ ಚಿತ್ರದಲ್ಲಿ ತಾವೋ ಗುರುವೊಬ್ಬನಾಗಿದ್ದವರೇ. ಅದರಲ್ಲಿ ನಗುವಿಲ್ಲ, ಬಣ್ಣವೂ ಇಲ್ಲ, ಬೂದಿಯಂತಹ ಬೆಳಕು ಮಾತ್ರ. ಚೆನ್ನಾಗಿ ಮಾಡಿದ ಚಿತ್ರ, ಆದರೂ ಅದನ್ನು ನಾನು ಎರಡನೆಯ ಬಾರಿ ಹಾಕಿಲ್ಲ.

ಹೊಸದಾಗಿ ನೋಡುವವರಿಗೆ ನನ್ನ ಸಲಹೆ ಇಷ್ಟು. ಮೊದಲು 1985ರದ್ದನ್ನು ನೋಡಿ, ಕ್ಯಾಂಟನೀಸ್ ಧ್ವನಿಯಲ್ಲೇ ನೋಡಿ. ಇಂಗ್ಲಿಷ್ ಡಬ್ಬಿಂಗ್ ಗುರುವಿನ ಗಾಂಭೀರ್ಯವನ್ನು ಕೆಡಿಸುತ್ತದೆ. ಆಮೇಲೆ 1980ರದ್ದು, ಕೊನೆಯ ನಿಮಿಷ ಬಿಟ್ಟು. ಮೂರನೆಯದಾಗಿ ವೂ ಮಾ ನಿರ್ದೇಶಿಸಿದ 1982ರ 'ದ ಡೆಡ್ ಅಂಡ್ ದ ಡೆಡ್ಲಿ'. ಅದರಲ್ಲಿ ಸತ್ತವನ ಆತ್ಮಕ್ಕೆ ಸ್ಯಾಮೋ ತಮ್ಮ ಮೈಯನ್ನೇ ಎರವಲು ಕೊಡುತ್ತಾರೆ, ಮತ್ತು ಲ್ಯಾಮ್ ಗುರುವಿನ ಪಾತ್ರಕ್ಕೆ ತಾಲೀಮು ಮಾಡುತ್ತಿರುವಂತೆ ಕಾಣುತ್ತಾರೆ. ಮಕ್ಕಳಿಗೆ ಎಂಟೊಂಬತ್ತು ವರ್ಷವಾದರೂ ಆಗಿರಲಿ. ದೀಪ ಪೂರ್ತಿ ಆರಿಸುವುದು ಬೇಡ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಮುಂದಿನ ಸಾಲಿನಲ್ಲೇ ಕೂರಿಸಿ. ಅಕ್ಕಿ ಬೆರೆಸಿದ ಅಂಗಡಿಯವನಿಗೆ ಶಿಕ್ಷೆಯಾಯಿತೇ ಎಂದು ಅವರು ಖಂಡಿತ ಕೇಳುತ್ತಾರೆ. ಚಿತ್ರ ಅವನನ್ನು ಮರೆತೇಬಿಟ್ಟಿದೆ. ನಮ್ಮ ಮನೆಯಲ್ಲಿ ಆ ಚರ್ಚೆ ಇನ್ನೂ ಮುಗಿದಿಲ್ಲ.